ದೇವರಮನೆಯ ಲೈನು

ಉಪ್ಪಾರಹಳ್ಳಿಯ ಸರ್ವಮಂಗಳನಿಗೆ ಹೊಟ್ಟೆಕಿಚ್ಚು ಜಾಸ್ತಿ ಎನ್ನುವುದನ್ನು ಅವಳ ಗಂಡನೂ ಒಪ್ಪುತ್ತಾನೆ, ಅವಳೂ ಒಪ್ಪುತ್ತಾಳೆ. ಸಿ.ಎಸ್. ಪುರದ ತವರಿನಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ತಂಗಿಯ ಜಡೆ ತನ್ನದಕ್ಕಿಂತ ಉದ್ದವಾಯಿತೆಂದು ಊಟ ಬಿಟ್ಟು ಮಲಗಿದವಳು. ಮದುವೆಯ ಆಲ್ಬಮ್ ತೆರೆದಾಗಲೆಲ್ಲ, ಮೂಲೆಯಲ್ಲಿ ನಿಂತಿರುವ ಯಾರೋ ಗುರುತಿಲ್ಲದ ಹೆಂಗಸಿನ ಮೇಲೆ ಬೆರಳಿಟ್ಟು, "ನೋಡಿ, ಮದುಮಗಳಿಗಿಂತ ದೊಡ್ಡ ಅಂಚಿನ ಸೀರೆ ಉಟ್ಕೊಂಡು ಬಂದವ್ಳೆ" ಎಂದು ಇವತ್ತಿಗೂ ಹೇಳುತ್ತಾಳೆ. ಹಾಗೆಂದು ಕೆಟ್ಟವಳಲ್ಲ. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಹಿಡಿದು ಮೊದಲು ಹೋಗುವವಳು ಅವಳೇ. ಅಲ್ಲಿ ಬೇರೆ ಯಾರಾದರೂ ಆಗಲೇ ಇಡ್ಲಿ ತಂದಿಟ್ಟಿದ್ದರೆ ಮಾತ್ರ ಮುಖ ಕೆಡುತ್ತದೆ, ಗಂಜಿಯ ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತದೆ.

ಇಂಥವಳಿಗೆ ಓರಗಿತ್ತಿಯೊಬ್ಬಳು ಬಂದು, ಅವಳೂ ಗೋಡೆಯ ಆಚೆಯೇ ಇದ್ದರೆ ಏನಾಗಬೇಕೋ ಅದೇ ಆಯಿತು.

ಸರ್ವಮಂಗಳನ ಗಂಡ ಪರಮಶಿವಯ್ಯ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿಗೆ ಹೋಗುವವನು. ಮಾತು ಕಡಿಮೆ, ನಿದ್ದೆ ಜಾಸ್ತಿ. ಅವನ ತಮ್ಮ ಕಿರಣ್‌ಕುಮಾರ್. ಆ ತಮ್ಮನ ಹೆಂಡತಿಯೇ ರೂಪಶ್ರೀ, ಕುಣಿಗಲ್ ಕಡೆಯ ಹುಡುಗಿ, ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರ್. ಮನೆ ಭಾಗವಾದಾಗ ನಡುವೆ ಗೋಡೆ ಎದ್ದಿತು. ಆದರೆ ಮಾವ ರೇವಣಸಿದ್ದಯ್ಯನವರು ದೇವರಮನೆಯನ್ನೂ ಅದರ ಹಿಂದಿನ ಹಳೆಯ ಬಚ್ಚಲನ್ನೂ ಭಾಗ ಮಾಡಲು ಬಿಡಲಿಲ್ಲ. ಅದಕ್ಕೆ ಎರಡು ಮನೆಯ ಕಡೆಗೂ ಒಂದೊಂದು ಬಾಗಿಲು. "ದೇವರ ದೀಪ ಮಾತ್ರ ದೊಡ್ಡ ಸೊಸೆ ಕಡೆಯಿಂದಲೇ ಬರ್ಲಿ" ಎಂದು ಅವರು ಅಂದು ಹೇಳಿದ್ದರಿಂದ ಆ ಭಾಗದ ಕರೆಂಟಿನ ಲೈನು ಸರ್ವಮಂಗಳನ ಮೀಟರಿನಲ್ಲೇ ಉಳಿಯಿತು. ಭಾಗದಲ್ಲಿ ರೂಪಶ್ರೀಗೆ ಕಿಟಕಿ ಜಾಸ್ತಿ ಹೋದವು, ಗಾಳಿ ಜಾಸ್ತಿ ಹೋಯಿತು, ತೆಂಗಿನಮರ ಹೋಯಿತು. ಸರ್ವಮಂಗಳ ಇದಿಷ್ಟನ್ನೂ ನುಂಗಿಕೊಂಡದ್ದು ಆ ಒಂದು ಲೈನಿನ ಮೇಲೆ. ನೆಂಟರು ಬಂದಾಗ, "ದೇವರ ದೀಪ ನಮ್ಮ ಕಡೇದೇ" ಎಂದು ಹೇಳಿಯೇ ಕಾಫಿ ಕೊಡುತ್ತಿದ್ದಳು.

ಇನ್ನು ಮಾವನ ವಿಷಯ. ಅವರು ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ಒಬ್ಬ ಮಗನ ಮನೆ, ಆಮೇಲೆ ಇನ್ನೊಬ್ಬ ಮಗನ ಮನೆ. ಅಮಾವಾಸ್ಯೆಯ ಬೆಳಗ್ಗೆ ಪೂಜೆ ಮುಗಿಸಿ, ಬಂದ ಬಾಗಿಲು ಬಿಟ್ಟು ದೇವರಮನೆಯ ಇನ್ನೊಂದು ಬಾಗಿಲಿನಿಂದ ಹೊರಗೆ ಬಂದರೆ ಮನೆ ಬದಲಾಯಿತು ಎಂದು ಅರ್ಥ. ಹಾಸಿಗೆ, ಶಾಲು, ವಿಭೂತಿ ಗಟ್ಟಿಯ ಡಬ್ಬಿ ಹಿಂದಿನಿಂದ ಬರುತ್ತವೆ. ವರ್ಷಗಳಿಂದ ಇದು ತಪ್ಪಿರಲಿಲ್ಲ.

ತಪ್ಪಿದ್ದು ರೂಪಶ್ರೀ ಸೋಲಾರ್ ಹಾಕಿಸಿದ ಮೇಲೆ. ಅವಳ ತಾರಸಿಯ ಮೇಲೆ ಪ್ಯಾನೆಲ್ ಬಂದವು, ಒಳಗೆ ಇನ್ವರ್ಟರ್ ಬಂತು, ಎರಡು ದೊಡ್ಡ ಬ್ಯಾಟರಿ ಬಂದವು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಬೀದಿಯೆಲ್ಲ ಬೀಸಣಿಗೆ ಹಿಡಿದರೂ ಅವಳ ಮನೆಯ ಫ್ಯಾನು ಮಾತ್ರ ತಿರುಗುತ್ತಿತ್ತು. ಮಾವನಿಗೆ ಸೆಕೆ ಆಗದು, ಉಸಿರು ಕಟ್ಟಿದಂತಾಗುತ್ತದೆ. ಸರ್ವಮಂಗಳನ ಸರದಿಯ ಅಮಾವಾಸ್ಯೆ ಬಂತು. ಅವಳು ಒಬ್ಬಟ್ಟು ಮಾಡಿಟ್ಟು ದೇವರಮನೆಯ ತನ್ನ ಬಾಗಿಲಿನ ಹತ್ತಿರ ನಿಂತಳು. ಮಾವ ಪೂಜೆ ಮುಗಿಸಿ ಎದ್ದು, ಅವಳ ಮುಖ ನೋಡಿ, "ಈ ಒಂದು ತಿಂಗಳು ಅಲ್ಲೇ ಇರ್ತೀನಿ ಬುಡವ್ವ. ಫ್ಯಾನ್ ನಿಂತ್ರೆ ನಂಗೆ ಆಗಲ್ಲ" ಎಂದು ಬಂದ ಬಾಗಿಲಿನಿಂದಲೇ ವಾಪಸ್ಸು ಹೋದರು.

ಅವತ್ತು ಅವಳ ಹೊಟ್ಟೆಯಲ್ಲಿ ಎದ್ದ ಉರಿಗೆ ಒಬ್ಬಟ್ಟಿನ ಹೆಂಚೇ ಬೇಕಿರಲಿಲ್ಲ. ಈ ಮನೆಗೆ ಅವಳು ಸೊಸೆಯಾಗಿ ಬಂದ ಎರಡನೇ ವರ್ಷಕ್ಕೇ ಅತ್ತೆ ತೀರಿಕೊಂಡಿದ್ದರು. ಆಗಿನಿಂದ ಮಾವನ ಪಂಚೆ ಒಗೆದವಳು, ಕಣ್ಣಿನ ಆಪರೇಷನ್ ಆದಾಗ ತುತ್ತು ಮಾಡಿ ತಿನ್ನಿಸಿದವಳು, ಅವರ ಬಾಯಲ್ಲಿ "ಅವ್ವ" ಅನ್ನಿಸಿಕೊಂಡವಳು ಅವಳು. ಈಗ ತಿರುಗುವ ಒಂದು ಫ್ಯಾನು ಅವಳ ಮಾವನನ್ನು ಎತ್ತಿಕೊಂಡು ಹೋಗಿತ್ತು.

"ರೀ, ನಮಗೂ ಸೋಲಾರ್ ಹಾಕಿಸ್ರಿ. ಅವಳದ್ದಕ್ಕಿಂತ ಒಂದು ಪ್ಯಾನೆಲ್ ಜಾಸ್ತಿ ಇರ್ಬೇಕು."

ಪರಮಶಿವಯ್ಯ ಮಗ್ಗುಲು ಬದಲಿಸಿ, "ಹಾಕ್ಸಣ" ಎಂದ. ಹಾಕಿಸಿದ.

ಹಾಕಲು ಬಂದವನು ಗುಬ್ಬಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಚನ್ನೇಶ್. ರೂಪಶ್ರೀ ಮನೆಗೆ ಹಾಕಿದವನೂ ಇವನೇ. ಗೋಡೆಯ ಆಚೆ ಹೋದರೆ "ಮೇಡಂ" ಎನ್ನುತ್ತಿದ್ದ, ಈಚೆ ಬಂದರೆ "ಆಂಟಿ" ಎನ್ನುತ್ತಿದ್ದ. ಇದನ್ನೂ ಸರ್ವಮಂಗಳ ಗಮನಿಸಿ ಮನಸ್ಸಿನಲ್ಲಿಟ್ಟುಕೊಂಡಳು. ಯಾವ ಯಾವ ಲೈನು ಸೋಲಾರಿಗೆ ಕೊಡಬೇಕು ಎಂದು ಅವನು ಕೇಳಿದಾಗ ಅವಳು ಯೋಚಿಸಲೇ ಇಲ್ಲ. "ಮೊದ್ಲು ದೇವರಮನೇದು ಹಾಕು. ಊರೆಲ್ಲ ಕತ್ತಲಾದ್ರೂ ದೇವರ ದೀಪ ನಮ್ಮ ಬ್ಯಾಟ್ರಿಯಿಂದ ಉರೀಬೇಕು. ಆಮೇಲೆ ಫ್ಯಾನು, ಟೀವಿ, ಫ್ರಿಜ್ಜು."

ಎಲ್ಲ ಹಾಕಿದ. ಹಗಲು ಬಿಸಿಲು ಇರುವಾಗ ಮನೆ ಬಿಸಿಲಿನಲ್ಲಿ ನಡೆಯುತ್ತದೆ, ಸಂಜೆ ಮೇಲೆ ಬ್ಯಾಟರಿಯಲ್ಲಿ, ಬ್ಯಾಟರಿ ಇಳಿದರೆ ಮಾತ್ರ ಬೀದಿಯ ಕರೆಂಟು ಎಂದು ವಿವರಿಸಿದ. ಇನ್ವರ್ಟರಿನ ಮುಖದ ಮೇಲೆ ಪುಟ್ಟ ಬ್ಯಾಟರಿ ಚಿತ್ರ, ಅದರೊಳಗೆ ಐದು ಗೆರೆ. ಐದೂ ತುಂಬಿದರೆ ಚಾರ್ಜ್ ಪೂರ್ತಿ ಎಂದರ್ಥ.

ಐದು ತುಂಬಲೇ ಇಲ್ಲ. ಮಟಮಟ ಮಧ್ಯಾಹ್ನ ಮೂರನೆಯ ಗೆರೆ ಆಸೆ ತೋರಿಸುತ್ತಿತ್ತು, ಸಂಜೆ ಹೊತ್ತಿಗೆ ಒಂದಕ್ಕೆ ಇಳಿದು ಕೂರುತ್ತಿತ್ತು. ತಾರಸಿಗೆ ಹೋಗಿ ಆಚೆ ಕಿಟಕಿಯಲ್ಲಿ ಬಗ್ಗಿ ನೋಡಿದರೆ ರೂಪಶ್ರೀಯ ಇನ್ವರ್ಟರಿನಲ್ಲಿ ಐದೂ ಗೆರೆ ಹೊಳೆಯುತ್ತಿದ್ದವು. ಅದೇ ಸೂರ್ಯ, ಅದೇ ಚನ್ನೇಶ್, ಅದೇ ಕಂಪನಿ. ಮೇಲಾಗಿ ಇವಳಿಗೆ ಒಂದು ಪ್ಯಾನೆಲ್ ಜಾಸ್ತಿ. ಸೂರ್ಯನಿಗೂ ಟೀಚರಮ್ಮನೇ ಬೇಕೇನೋ ಎಂದು ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಮುಂದಿನ ಅಮಾವಾಸ್ಯೆ ಲೆಕ್ಕಕ್ಕೆ ಬರಲಿಲ್ಲ, ಅದು ಹೇಗೂ ರೂಪಶ್ರೀ ಸರದಿ. ಆದರೂ ಅವಳು ಮಾವನನ್ನು ಒತ್ತಾಯ ಮಾಡಿ ಒಂದು ಸಂಜೆ ಪೂಜೆಯಾದ ಮೇಲೆ ಕರೆದುಕೊಂಡು ಬಂದು, ಹೊಸ ಫ್ಯಾನಿನ ಕೆಳಗೆ ಕೂರಿಸಿದಳು. ಪಾನಕ ಕೊಟ್ಟಳು. ಅವರು ಅರ್ಧ ಲೋಟ ಕುಡಿಯುವಷ್ಟರಲ್ಲಿ ಬೀದಿಯಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಕೀಂ ಕೀಂ ಎಂದು ಬಡಕೊಂಡಿತು. ಫ್ಯಾನು ನಾಲ್ಕು ಸುತ್ತು ಸುಸ್ತಾಗಿ ತಿರುಗಿ ನಿಂತಿತು. ಮಾವ ಶಾಲು ಎತ್ತಿಕೊಂಡು, "ಬರ್ತೀನಿ ಕಣವ್ವ, ಅಲ್ಲಿ ಗಾಳಿ ಇದೆ" ಎಂದು ಎದ್ದರು. ಅವರು ಹೋದ ಮೇಲೆ ಸರ್ವಮಂಗಳ ಉಳಿದ ಪಾನಕವನ್ನು ಮೋರಿಗೆ ಚೆಲ್ಲಿ, ಚನ್ನೇಶನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದಳು.

ಅವನು ಬಂದ. ಮೊದಲು ಪ್ಯಾನೆಲ್ ಮೇಲೆ ಧೂಳು ಕೂತಿದೆ ಎಂದ. ಸರ್ವಮಂಗಳ ಸೆರಗು ಸಿಕ್ಕಿಸಿಕೊಂಡು ಗಾಜು ಕನ್ನಡಿಯಾಗುವಂತೆ ತೊಳೆದಳು. ಗೆರೆ ಮೇಲೇಳಲಿಲ್ಲ. ಮತ್ತೆ ಬಂದು ಬ್ಯಾಟರಿಗೆ ನೀರು ಹಾಕಿದ, ತುದಿಗಳನ್ನು ಉಜ್ಜಿ ಗ್ರೀಸ್ ಹಚ್ಚಿದ. ಊಹೂಂ. ಮೂರನೇ ಸಲ ಬಂದವನು, "ಬ್ಯಾಟ್ರಿನೇ ಡೆಡ್ ಆಂಟಿ, ಬರೆದಿಟ್ಕೊಳ್ಳಿ" ಎಂದು ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಗುಬ್ಬಿಗೆ ಹೋದ. ಅಂಗಡಿಯಲ್ಲಿ ಚಾರ್ಜಿಗೆ ಹಾಕಿ, ಪರೀಕ್ಷೆ ಮಾಡಿ, ಮುಖ ಸಣ್ಣದು ಮಾಡಿಕೊಂಡು ವಾಪಸ್ಸು ತಂದ. "ಕಲ್ಲು ಇದ್ದಂಗಿದೆ ಬ್ಯಾಟ್ರಿ. ಇಲ್ಲೇ ಯಾರೋ ಕರೆಂಟ್ ತಿಂತಾವ್ರೆ. ತುಂಬಿದ್ದೆಲ್ಲ ಖಾಲಿಯಾಗ್ತಿದೆ."

ಬೋರ್ಡಿನ ಮುಂದೆ ನಿಂತು ಒಂದೊಂದೇ ಸ್ವಿಚ್ಚು ಇಳಿಸುತ್ತಾ ಬಂದ. ಹಾಲು, ಅಡುಗೆಮನೆ, ರೂಮು. ಕೊನೆಯದಕ್ಕೆ ಕೈ ಹಾಕಿದಾಗ ಸರ್ವಮಂಗಳ ಅವನ ಕೈ ಹಿಡಿದಳು.

"ಅದು ಮುಟ್ಬೇಡ. ದೇವರ ದೀಪ ಅದು. ಮನೆ ಭಾಗ ಆದಾಗಿಂದ ನಾನು ಆರ್ಸಿಲ್ಲ."

"ಒಂದು ನಿಮಿಷ ಆಂಟಿ."

"ಅರ್ಧ ನಿಮಿಷನೂ ಬೇಡ. ಅಲ್ಲಿರೋದು ಒಂದು ಪುಟಾಣಿ ಬಲ್ಬು. ಅದೇನು ತಿನ್ನುತ್ತೆ?"

ದೀಪ ಅಂದರೆ ಎಲ್‌ಇಡಿ ಬಲ್ಬು. ಕರೆಂಟ್ ಹೋದಾಗೆಲ್ಲ ಅದು ಇಷ್ಟು ವರ್ಷ ಆರಿದ್ದು ಅವಳ ಲೆಕ್ಕದಲ್ಲಿ ಆರಿದ್ದಲ್ಲ, ತಾನಾಗಿ ಕೈಯಾರೆ ಆರಿಸಿದರೆ ಮಾತ್ರ ಆರಿದ್ದು. ಚನ್ನೇಶ್ ಕೂಡ ಲಿಂಗ ಕಟ್ಟಿದವನೇ, ದೇವರ ವಿಷಯಕ್ಕೆ ಯಾಕೆ ಎಂದು ಕೈ ತೆಗೆದ. "ಹಂಗಾದ್ರೆ ಒಂದು ಕೆಲ್ಸ ಮಾಡಿ. ಇಲ್ಲಿ ಲೋಡ್ ಅಂತ ನಂಬರ್ ಬರುತ್ತಲ್ಲ, ಅದನ್ನ ನೋಡ್ತಾ ಕೂತ್ಕೊಳ್ಳಿ. ನೀವು ಏನೂ ಹಾಕ್ದೇನೇ ಅದು ಒಂದೇ ಸಲ ಮೇಲಕ್ಕೆ ಹಾರಿದ್ರೆ, ಯಾರೋ ತಿಂತಾವ್ರೆ ಅಂತ ಅರ್ಥ. ಹೋಗಿ ಹಿಡೀರಿ."

ಯಾರೋ ಯಾರು? ಸರ್ವಮಂಗಳನಿಗೆ ಆ ಕ್ಷಣವೇ ಗೊತ್ತಾಗಿಹೋಯಿತು. ಮನೆ ಒಂದಾಗಿದ್ದಾಗ ಎಳೆದ ವೈರು, ಗೋಡೆಯೊಳಗೆ ಎಲ್ಲೆಲ್ಲಿ ಹೋಗಿದೆಯೋ ಯಾರಿಗೆ ಗೊತ್ತು. ಆಚೆ ಮನೆಯ ಫ್ರಿಜ್ಜು, ಮಿಕ್ಸಿ, ಗೀಸರ್ ಎಲ್ಲ ತನ್ನ ಬ್ಯಾಟರಿಯನ್ನೇ ಹೀರುತ್ತಿರಬೇಕು! ಆಚೆ ಐದು ಗೆರೆ, ಈಚೆ ಒಂದು ಗೆರೆ. ಇದಕ್ಕಿಂತ ಸಾಕ್ಷಿ ಬೇಕೆ? ಹೇಳಬಾರದು, ಆದರೆ ಅವಳಿಗೆ ಆಗಿದ್ದು ಸಿಟ್ಟಲ್ಲ, ಆನಂದ. ಇಷ್ಟು ವರ್ಷ ರೂಪಶ್ರೀ ಮೇಲೆ ಹೊಟ್ಟೆ ಉರಿಯುತ್ತಿತ್ತೇ ಹೊರತು ಬೆರಳು ತೋರಿಸಲು ಒಂದು ತಪ್ಪು ಸಿಕ್ಕಿರಲಿಲ್ಲ. ಆ ಹುಡುಗಿ ನಗುತ್ತಾ ಮಾತಾಡುತ್ತಾಳೆ, ಹಬ್ಬಕ್ಕೆ ಸೀರೆ ತರುತ್ತಾಳೆ, "ಅಕ್ಕ" ಎನ್ನದೆ ಕರೆಯುವುದಿಲ್ಲ. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂದು ಪಟ್ಟವರಿಗೇ ಗೊತ್ತು.

ಭಾನುವಾರ ರೂಪಶ್ರೀ ಮನೆಯಲ್ಲೇ ಇರುವ ದಿನ. ಸರ್ವಮಂಗಳ ಊಟ ಮುಗಿಸಿ ಇನ್ವರ್ಟರಿನ ಮುಂದೆ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಹುರುಳಿಕಾಯಿ ಇಟ್ಟುಕೊಂಡು ಕೂತಳು. ಕಣ್ಣು ನಂಬರಿನ ಮೇಲೆ, ಕೈ ಕಾಯಿಯ ನಾರಿನ ಮೇಲೆ. ಪರಮಶಿವಯ್ಯ ಎದ್ದು ಬಂದು ನೋಡಿ, "ಏನೇ ಇದು, ಸೀರಿಯಲ್ ನೋಡ್ದಂಗೆ ನೋಡ್ತಿದ್ದೀಯ" ಎಂದು ಮತ್ತೆ ಮಲಗಿದ. ಮೂರನೆಯ ಗೆರೆ ಬಂತು. ನಾಲ್ಕನೆಯದು ಮಿಣುಕಿತು. ಬಿಸಿಲು ಪಡುವಣಕ್ಕೆ ಸರಿಯಿತು. ಅಷ್ಟರಲ್ಲಿ ನಂಬರು ಒಂದೇ ಏಟಿಗೆ ಮೇಲಕ್ಕೆ ಹಾರಿತು.

ಹುರುಳಿಕಾಯಿ ನೆಲದ ಪಾಲಾಯಿತು. ಅವಳು ಮುಂಬಾಗಿಲಿಗೆ ಹೋಗಲಿಲ್ಲ. ಕದ್ದವಳಿಗೆ ಸುಳಿವು ಸಿಗಬಾರದಲ್ಲ! ದೇವರಮನೆಯಲ್ಲಿ ಹಾದು ಆಚೆ ಬಾಗಿಲಿನಿಂದ ನೇರ ರೂಪಶ್ರೀ ಅಡುಗೆಮನೆಗೆ ನುಗ್ಗುವುದೆಂದು ಹೊರಟಳು. ಹೇಳಬೇಕಾದ ಮಾತೆಲ್ಲ ಬಾಯಿಗೆ ಬಂದು ಸಾಲಾಗಿ ನಿಂತಿತ್ತು. ದೇವರಮನೆಯೊಳಗೆ ಕಾಲಿಟ್ಟಾಗ ಹಿಂದಿನ ಬಚ್ಚಲಿನಿಂದ ಸಣ್ಣಗೆ ನೀರು ಕಾಯುವ ಗುಂಯ್ ಸದ್ದು ಕೇಳಿಸಿತು.

ಬಗ್ಗಿ ನೋಡಿದಳು. ಮಾವ. ಸೊಂಟಕ್ಕೆ ಒಂದು ಟವೆಲ್ಲು. ಮುಂದೆ ಅತ್ತೆಯ ಕಾಲದ ತಾಮ್ರದ ಕೊಳಗ, ಅದರ ತುಂಬ ನೀರು, ನೀರಿನಲ್ಲಿ ಕಾಯಿಲ್. ಅದರ ವೈರು ಹೋಗಿ ಗೋಡೆಯ ಹಳೆಯ ಪ್ಲಗ್ಗಿಗೆ ಸಿಕ್ಕಿತ್ತು. ಆ ಪ್ಲಗ್ಗು ಅಲ್ಲಿದೆ ಎನ್ನುವುದನ್ನೇ ಅವಳು ಮರೆತಿದ್ದಳು. ಮುದುಕರು ನೀರು ಕಾದಿದೆಯೇ ಎಂದು ನೋಡಲು ಬೆರಳು ಚಾಚುತ್ತಿದ್ದರು.

"ಮಾವಾ!"

ಅವಳು ಹಾರಿ ಹೋಗಿ ಸ್ವಿಚ್ಚು ಆರಿಸಿದಳು. "ತಾಮ್ರದ ಕೊಳಗಕ್ಕೆ ಕಾಯಿಲ್ ಬಿಟ್ಟು ಕೈ ಹಾಕ್ತೀರಲ್ಲ, ಬದುಕೋ ಆಸೆ ಇದೆಯೋ ಇಲ್ವೋ ನಿಮಗೆ? ಶಾಕ್ ಹೊಡೆದ್ರೆ ಯಾರು ಗತಿ?"

ಮಾವ ಸಿಕ್ಕಿಬಿದ್ದವರಂತೆ ಟವೆಲ್ಲು ಸರಿಮಾಡಿಕೊಂಡರು. "ಮೆತ್ತಗೆ ಮಾತಾಡವ್ವ. ಆ ಹುಡುಗಿಗೆ ಕೇಳ್ಸುತ್ತೆ."

"ದಿನಾ ಹಿಂಗೇ ಮಾಡ್ತಿದ್ದೀರಾ?"

"ಬೆಳಿಗ್ಗೆ ಪೂಜೆಗೊಂದ್ಸಲ, ಸಂಜೆ ಪೂಜೆಗೊಂದ್ಸಲ."

ಬ್ಯಾಟರಿ ತಿನ್ನುತ್ತಿದ್ದವರು ಸಿಕ್ಕಿದರು. ಮನೆಯ ಕರೆಂಟನ್ನು ಎರಡು ಹೊತ್ತು ನೀರಿಗೆ ಸುರಿದು, ಆಮೇಲೆ ಬಂದು "ನಿನ್ನ ಫ್ಯಾನ್ ನಿಲ್ಲುತ್ತೆ" ಎಂದು ಹೋಗುತ್ತಿದ್ದವರು ಇವರೇ. ಸರ್ವಮಂಗಳನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಲ್ಲಿ ಗೀಸರ್ ಇದೆಯಲ್ಲ ಮಾವ. ಟೈಲ್ಸ್ ಹಾಕಿರೋ ಬಾತ್‌ರೂಮು ಬೇರೆ."

"ಇದೆ ಕಣವ್ವ. ಪಾಪ, ಅವಳೇ ಆನ್ ಮಾಡಿ, ‘ನೀರು ಬಿಸಿ ಇದೆ ಮಾವ’ ಅಂತ ಕರೀತಾಳೆ. ಆದ್ರೆ ನಂಗೆ ಈ ಕೊಳಗದ ನೀರೇ ಆಗ್ಬೇಕು. ಪೂಜೆಗೆ ಕೂರಕ್ಕೆ ಮುಂಚೆ ಪೈಪಿನ ನೀರು ಹಾಕ್ಕೊಂಡ್ರೆ ಸ್ನಾನ ಮಾಡ್ದಂಗೇ ಅನ್ಸಲ್ಲ. ಅದನ್ನ ಅವಳತ್ರ ಹೆಂಗೆ ಕೇಳದು? ಸ್ಕೂಲಿಗೆ ಹೋಗೋ ಹುಡುಗಿ."

"ನನ್ನನ್ನ ಕೇಳ್ಬೋದಿತ್ತಲ್ಲ?"

ಮಾವ ಅವಳ ಮುಖ ನೋಡಿದರು. ಅವರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ನಿನ್ನತ್ರ ಕೇಳದೇನವ್ವ?"

ಸರ್ವಮಂಗಳ ಕೊಳಗ ಎತ್ತಿಕೊಂಡು ತನ್ನ ಅಡುಗೆಮನೆಗೆ ಬಂದು ಗ್ಯಾಸಿನ ಮೇಲಿಟ್ಟಳು. ಫ್ಯಾನು ಆಚೆ ಇರಲಿ, ಟೈಲ್ಸು ಆಚೆ ಇರಲಿ, ನೀರು ಮಾತ್ರ ತನ್ನದೇ ಬೇಕು ಅವರಿಗೆ! ಕಾಯಿಲನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿ ಬೀಗ ಹಾಕಿದಳು. ಅವತ್ತಿನಿಂದ ಎರಡು ಹೊತ್ತೂ ನೀರು ಕಾಸಿ, ಸೆರಗಿನಲ್ಲಿ ಕಿವಿ ಹಿಡಿದು ಕೊಳಗವನ್ನು ಬಚ್ಚಲಿನಲ್ಲಿ ಇಟ್ಟು ಬರತೊಡಗಿದಳು. ರೂಪಶ್ರೀಗೆ ಹೇಳಲಿಲ್ಲ. ಹೇಳಿದರೆ ಆ ಟೀಚರಮ್ಮ ನಾಳೆಯೇ ಬಜಾರಿಗೆ ಹೋಗಿ ಇದಕ್ಕಿಂತ ದೊಡ್ಡ ಕೊಳಗ ತರುತ್ತಾಳೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಚನ್ನೇಶ್ ಫೋನು ಮಾಡಿದಾಗ, "ಸರಿ ಹೋಯ್ತು, ಏನೋ ಸ್ವಿಚ್ಚು ಬಿಟ್ಟಿದ್ದೆ" ಎಂದಳು. ಇನ್ವರ್ಟರಿನಲ್ಲಿ ಐದು ಗೆರೆ ಬಂದು ನಿಂತವು.

ಅಮಾವಾಸ್ಯೆ ಬಂತು. ಮಾವ ಪೂಜೆ ಮುಗಿಸಿ ಅವಳ ಬಾಗಿಲಿನಿಂದ ಹೊರಗೆ ಬಂದರು.

ಹಾಸಿಗೆ, ಶಾಲು ತಂದುಕೊಟ್ಟವಳು ರೂಪಶ್ರೀ. ಕಣ್ಣು ಕೆಂಪಾಗಿತ್ತು. ಸರ್ವಮಂಗಳ ಒಳಗೊಳಗೇ ಹಿಗ್ಗಿದಳು. ಹೊರಗೆ ಮಾತ್ರ, "ಯಾಕೆ ರೂಪ, ಹುಷಾರಿಲ್ವಾ?" ಎಂದಳು.

"ನಮ್ಮಲ್ಲೂ ಫ್ಯಾನ್ ಚೆನ್ನಾಗೇ ತಿರುಗ್ತಿತ್ತು ಅಕ್ಕ. ಇನ್ನೊಂದು ತಿಂಗಳು ಇರಿ ಮಾವ ಅಂದೆ. ಇಲ್ಲ ಕಣವ್ವ, ಸರ್ವ ಕಾಯ್ತಾ ಇರ್ತಾಳೆ ಅಂದ್ರು." ಅವಳು ಶಾಲಿನ ಮಡಿಕೆಯನ್ನು ಮತ್ತೆ ಮಡಿಸಿದಳು. "ಕಾಯಿಲಿನ ಸದ್ದು ನನಗೂ ಕೇಳಿಸ್ತಿತ್ತು ಅಕ್ಕ. ಮೊದಲ ದಿನದಿಂದ."

ಸರ್ವಮಂಗಳ ಹಾಸಿಗೆಯನ್ನು ಗೋಡೆಗೆ ಒರಗಿಸಿದಳು.

"ನಮ್ಮ ಮನೇಲಿ ಮಾವ ಒಂದು ಲೋಟ ನೀರು ಬೇಕಂದ್ರೂ, ‘ಕೊಡ್ತೀಯೇನವ್ವ’ ಅಂತ ಕೇಳ್ತಾರೆ. ಇಷ್ಟು ವರ್ಷ ಆಯ್ತು, ಇನ್ನೂ ನೆಂಟರ ಥರ. ನಿಮ್ಮನೇದು ಮಾತ್ರ ಕೇಳ್ದೇ ತಗೋತಾರೆ. ನಿಜ ಹೇಳ್ಬೇಕಂದ್ರೆ ನನಗೆ ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಅಕ್ಕ." ಹೇಳಿಬಿಟ್ಟು ಅವಳೇ ಗಾಬರಿಯಾಗಿ, ಶಾಲು ಕೈಗಿಟ್ಟು ಹೊರಟುಹೋದಳು.

ಜಗತ್ತಿನಲ್ಲಿ ಒಬ್ಬರಾದರೂ ತನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದು ಸರ್ವಮಂಗಳ ತಂಗಿಯ ಜಡೆಯ ಕಾಲದಿಂದ ಕಾದಿದ್ದಳು. ಈಗ ಅದು ಸಿಕ್ಕಿತ್ತು. ಖುಷಿಯಾಯಿತು, ಸುಳ್ಳು ಯಾಕೆ. ಸಾರು ಕುದಿಯಲು ಇಡುವವರೆಗೂ ಖುಷಿಯಾಗಿಯೇ ಇತ್ತು. ಆಮೇಲೆ ರೂಪಶ್ರೀಯ ಮಾತಿನ ಒಂದು ತುಣುಕು ಹಲ್ಲಿನ ಸಂದಿಗೆ ಸಿಕ್ಕ ಹುರುಳಿಕಾಯಿಯ ನಾರಿನಂತೆ ಕಾಡತೊಡಗಿತು. ‘ಕೊಡ್ತೀಯೇನವ್ವ.’ ಮಾವ ಆ ಮಾತನ್ನು ಹೇಗೆ ಹೇಳುತ್ತಾರೆ? ತಲೆ ಸ್ವಲ್ಪ ಬಗ್ಗಿಸಿ ಹೇಳುತ್ತಾರೆಯೇ, ನಗುತ್ತಾ ಹೇಳುತ್ತಾರೆಯೇ? ಅವಳಿಗೆ ಗೊತ್ತಿರಲಿಲ್ಲ. ಪಂಚೆ ಒಗೆದಳು, ತುತ್ತು ತಿನ್ನಿಸಿದಳು, ಈ ಮನೆಯಲ್ಲಿ ತಲೆ ನರೆಯಿತು, ಆ ಮಾತನ್ನು ಮಾತ್ರ ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಸಂಜೆ ಮಾವ ಬಚ್ಚಲಿನಿಂದ ಕೂಗಿದರು. "ಸರ್ವ, ನೀರು."

ಕೊಳಗ ಗ್ಯಾಸಿನ ಮೇಲೆ ಹಬೆಯಾಡುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ಬಂದಳು, ಬಚ್ಚಲಿನ ಬಾಗಿಲಿನಲ್ಲಿ ನಿಂತಳು, ಕೆಳಗೆ ಇಡಲಿಲ್ಲ.

"ಇಡವ್ವ."

"ಕೇಳಿ ಮಾವ."

"ಏನು ಕೇಳದು?"

"ರೂಪನ್ನ ಕೇಳ್ತೀರಲ್ಲ, ಹಂಗೆ. ಒಂದೇ ಒಂದ್ಸಲ ಕೇಳಿ. ಆಮೇಲೆ ಯಾವತ್ತೂ ಕೇಳ್ಬೇಡಿ."

ಬಿಸಿ ಸೆರಗಿನ ಮಡಿಕೆ ದಾಟಿ ಬೆರಳಿಗೆ ತಾಗುತ್ತಿತ್ತು. ರೇವಣಸಿದ್ದಯ್ಯನವರು ದೊಡ್ಡ ಸೊಸೆಯ ನರೆತ ತಲೆಯನ್ನೂ ಕೊಳಗ ಬಿಡದ ಕೈಯನ್ನೂ ನೋಡಿದರು. ಏನು ಅರ್ಥವಾಯಿತೋ, ಒದ್ದೆ ನೆಲದ ಮೇಲೆ ನೆಟ್ಟಗೆ ನಿಂತುಕೊಂಡರು.

"ಬಿಸಿನೀರು ಕೊಡ್ತೀಯೇನವ್ವ?"

"ಕೊಡ್ತೀನಿ ಮಾವ" ಎಂದು ಅವಳು ಕೊಳಗವನ್ನು ಅವರ ಮುಂದೆ ಇಟ್ಟಳು.